ಹೂನೊಣದ ಪಾಪ

ಮಾಗಿಯ ಚಳಿ ಬಿದ್ದ ಮೇಲೆ ಅವರೆಯ ವಿಷಯದಲ್ಲಿ ವೈರಾಗ್ಯ ತಾಳಿದ ಮನುಷ್ಯನನ್ನು ನಮ್ಮ ಸೀಮೆಯಲ್ಲಿ ನಾನು ಕಂಡಿಲ್ಲ. ಮಾಗಡಿಯ ಕಡೆಯಿಂದ ಬಂದ ಸೊಗಡಿನ ಕಾಯಿ ಬೀದಿಯಲ್ಲಿ ರಾಶಿ ರಾಶಿಯಾಗಿ ಬಿದ್ದಿರುವಾಗ, ಮನೆಯ ಹಿತ್ತಿಲಲ್ಲಿ ಒಂದು ಚಪ್ಪರದವರೆಯ ಬಳ್ಳಿ ಹಬ್ಬಿಸಿಕೊಂಡು ಹತ್ತು ಕಾಯಿಗಾಗಿ ಕಾದು ಕೂರುವುದು ಲೆಕ್ಕಾಚಾರದ ದೃಷ್ಟಿಯಿಂದ ಮೂರ್ಖತನವೇ ಸರಿ. ಆದರೆ ನಮ್ಮ ಮನೆಯಲ್ಲಿ ಬಳ್ಳಿಯ ಯಜಮಾನಿಕೆ ನನ್ನದಲ್ಲ, ಅಮ್ಮನದು. ನಾನು ನೀರು ಹೊರುವವನು ಮಾತ್ರ.

ಅಮ್ಮನಿಗೆ ಎಪ್ಪತ್ತೈದು ದಾಟಿದೆ. ಜೀವಹಿಂಸೆಯ ವಿಚಾರದಲ್ಲಿ ಆಕೆಯ ನಿಯಮಗಳು ಬಹಳ ಕಟ್ಟುನಿಟ್ಟು. ಇರುವೆಯ ಸಾಲು ಬಂದರೆ ಅರಿಸಿನದ ಗೆರೆ ಎಳೆಯುತ್ತಾರೆಯೇ ಹೊರತು ಕಾಲಿಡುವುದಿಲ್ಲ. ಜಿರಳೆಯನ್ನು ಕೂಡ ಹಳೆಯ ಪಂಚಾಂಗದ ಹಾಳೆಯ ಮೇಲೆ ಹತ್ತಿಸಿಕೊಂಡು ಕಾಂಪೌಂಡಿನಾಚೆ ಬಿಟ್ಟು ಬರುತ್ತಾರೆ. ಕಳೆದ ಡಿಸೆಂಬರಿನಲ್ಲಿ ಈ ನಿಯಮಕ್ಕೆ ಒಂದು ಪರೀಕ್ಷೆ ಬಂತು. ಅವರೆಯ ಎಳೆಗುಡಿ, ಹೂಗೊಂಚಲು, ಕಾಯಿಯ ತೊಟ್ಟು ಎಲ್ಲವೂ ಒಂದು ವಾರದಲ್ಲಿ ಮಸಿ ಮೆತ್ತಿದಂತೆ ಕಪ್ಪಾದವು. ಹತ್ತಿರ ಹೋಗಿ ನೋಡಿದರೆ ಮಸಿಯಲ್ಲ, ಸಸ್ಯಹೇನು. ಒಂದರ ಪಕ್ಕಕ್ಕೆ ಒಂದು ಒತ್ತಿಕೊಂಡು, ಮೂತಿಯನ್ನು ಕುಡಿಯೊಳಗೆ ಊರಿ, ಊಟದ ಪಂಕ್ತಿಯಲ್ಲಿ ಕೂತಂತೆ ಕೂತಿದ್ದವು.

“ಏನಾದರೂ ಮಾಡೋ” ಎಂದರು ಅಮ್ಮ.

“ಏನಾದರೂ ಎಂದರೆ?”

“ಅದನ್ನೆಲ್ಲ ನನ್ನನ್ನು ಕೇಳಬೇಡ.”

ನಮ್ಮ ಮಧ್ಯಮವರ್ಗದ ನೀತಿಶಾಸ್ತ್ರ ಇಷ್ಟು ಸಂಕ್ಷೇಪವಾಗಿ ಮತ್ತೆಲ್ಲಿಯೂ ನಿರೂಪಿತವಾದಂತೆ ಕಾಣೆ. ಕೆಲಸ ಆಗಬೇಕು, ಹೇಗಾಯಿತೆಂಬುದು ನಮ್ಮ ಕಿವಿಗೆ ಬೀಳಬಾರದು.

ನಾನು ಸೋಪಿನ ನೀರು ಕಲಸಿ, ಹಳೆಯ ಬಟ್ಟೆಯೊಂದನ್ನು ಅದ್ದಿಕೊಂಡು ಬಳ್ಳಿಯ ಬಳಿ ನಿಂತಿದ್ದ ಹೊತ್ತಿಗೆ ನಮ್ಮ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಹೇಳುವ ಗೆಳೆಯರೊಬ್ಬರು ಕಾಫಿಗೆಂದು ಬಂದರು. ಬಳ್ಳಿಯನ್ನು ನೋಡಿದವರೇ ನನ್ನ ಕೈ ಹಿಡಿದರು. ಹೇನುಗಳ ನಡುವೆ ಎಲೆಯ ಬಣ್ಣಕ್ಕೆ ಹತ್ತಿರವಾದ, ಒಂದು ಕಡೆ ಚೂಪಾದ, ಕಾಲೇ ಇಲ್ಲದ ಹುಳುಗಳು ಅಲ್ಲಲ್ಲಿ ಬಿದ್ದುಕೊಂಡಿದ್ದವು. ದೊಡ್ಡದು ಒಂದು ಸೆಂಟಿಮೀಟರ್ ಇದ್ದೀತು. ಅವನ್ನೂ ಪೀಡೆಯ ಲೆಕ್ಕಕ್ಕೆ ಸೇರಿಸಿ ಆಗಲೇ ನಾಲ್ಕೈದನ್ನು ನಾನು ಒರೆಸಿಹಾಕಿದ್ದೆ.

“ನಿಮ್ಮ ಕೆಲಸವನ್ನು ಮಾಡುತ್ತಿರುವವರನ್ನೇ ಕೊಂದಿರಲ್ಲ!” ಎಂದರು ಗೆಳೆಯರು.

ಅವು ಹೂನೊಣದ ಮರಿಗಳು. ಇಂಗ್ಲಿಷಿನಲ್ಲಿ ಹೋವರ್‌ಫ್ಲೈ ಎನ್ನುತ್ತಾರೆ. ಗಾಳಿಯಲ್ಲಿ ಒಂದೇ ಕಡೆ ನಿಂತುಬಿಡುವ ನೊಣ ಎಂದು ಅರ್ಥ. ಜಗತ್ತಿನಲ್ಲಿ ಈ ಕುಟುಂಬದ ಸುಮಾರು 6000 ಜಾತಿಗಳು ಉಂಟಂತೆ. ಎಲ್ಲದರ ಆಹಾರವೂ ಒಂದೇ ಅಲ್ಲ. ಕೆಲವು ಜಾತಿಗಳ ಮರಿಗಳು ಕೊಳಚೆನೀರಿನಲ್ಲಿ ಬೆಳೆಯುತ್ತವೆ, ಕೆಲವು ಕೊಳೆತ ಮರದಲ್ಲಿ, ಕೆಲವು ಗೆಡ್ಡೆಗಳೊಳಗೆ. ನಮ್ಮ ಬಳ್ಳಿಗೆ ಬಂದದ್ದು ಇಸ್ಕಿಯೋಡಾನ್ ಸ್ಕುಟೆಲಾರಿಸ್ ಎಂಬುದು. ಡೆನ್ಮಾರ್ಕಿನ ಕೀಟಶಾಸ್ತ್ರಜ್ಞ ಫಾಬ್ರಿಸಿಯಸ್ 1805ರಲ್ಲಿ ಇದನ್ನು ಮೊದಲು ವರ್ಣಿಸಿದ. ಅವರೆ, ಅಲಸಂದೆಗಳ ಹೇನು ಇದ್ದಲ್ಲಿ ನಮ್ಮ ಬಯಲುಸೀಮೆಯಲ್ಲಿ ಇದು ಸಾಮಾನ್ಯವಾಗಿ ಇರುತ್ತದೆ. ಫಾಬ್ರಿಸಿಯಸನಿಗಿಂತ ಎಷ್ಟೋ ಮೊದಲಿನಿಂದ ನಮ್ಮ ರೈತನ ಹೊಲದಲ್ಲಿ ಇದ್ದ ಪ್ರಾಣಿಗೆ ನಾವು ಒಂದು ನೆಟ್ಟಗಿನ ಹೆಸರನ್ನು ಕೂಡ ಇಡದೆ ಹೋದೆವಲ್ಲ ಎಂದು ಕನ್ನಡ ಮೇಷ್ಟರಾದ ನನಗೆ ಸ್ವಲ್ಪ ನಾಚಿಕೆಯಾಯಿತು. ‘ಹೂನೊಣ’ ಎಂಬುದೂ ಈಚಿನ ಟಂಕಸಾಲೆಯದೇ ಇರಬೇಕು. ಆದರೂ ಸಲ್ಲುವ ನಾಣ್ಯ.

ಸೋಪಿನ ನೀರನ್ನು ಚೆಲ್ಲಿದೆ. ಆ ರಾತ್ರಿ ಮಗಳೂ ನಾನೂ ಟಾರ್ಚು ಹಿಡಿದು ಹಿತ್ತಿಲಿಗೆ ಹೋದೆವು.

ಈ ಮರಿಗೆ ಕಣ್ಣಿಲ್ಲ. ಹುಟ್ಟು ಕುರುಡು. ಕಾಲಿಲ್ಲದ ಮೈಯ ಹಿಂಭಾಗವನ್ನು ಎಲೆಗೆ ಅಂಟಿಸಿಕೊಂಡು ಮುಂಭಾಗವನ್ನು ಎತ್ತಿ ಆ ಕಡೆ ಈ ಕಡೆ ಬೀಸುತ್ತದೆ. ಕತ್ತಲೆ ಕೋಣೆಯಲ್ಲಿ ನಾವು ಕೈಯಾಡಿಸುತ್ತೇವಲ್ಲ, ಹಾಗೆ. ಬೀಸಿದ ತಲೆ ಹೇನಿಗೆ ತಾಕಿದೊಡನೆ ಅದರ ಬಾಯ ಕೊಕ್ಕೆ ನಾಟುತ್ತದೆ. ಆಮೇಲೆ ಹೇನನ್ನು ಎಲೆಯಿಂದ ಕಿತ್ತು ಮೇಲಕ್ಕೆ ಎತ್ತಿ ಹಿಡಿಯುತ್ತದೆ. ಕಾಲೂರುವುದಕ್ಕೆ ನೆಲ ಸಿಕ್ಕದೆ ಹೇನು ಗಾಳಿಯಲ್ಲಿ ಒದ್ದಾಡುತ್ತದೆ. ಮರಿ ಆತುರವಿಲ್ಲದೆ ಹೀರುತ್ತದೆ. ನಮ್ಮ ಟಾರ್ಚಿನ ಬೆಳಕಿನಲ್ಲಿ ಉಬ್ಬಿದ್ದ ಕಪ್ಪು ಚೀಲ ನಾಲ್ಕಾರು ನಿಮಿಷದಲ್ಲಿ ಸುಕ್ಕಿಹೋಯಿತು. ಸಿಪ್ಪೆಯನ್ನು ಬಿಸುಟು ಮರಿ ಮತ್ತೆ ತಲೆ ಬೀಸಿತು. ಹೀಗೆ ಪೊರೆಕೋಶ ಕಟ್ಟುವುದರೊಳಗೆ ಒಂದೊಂದು ಮರಿ ನೂರಾರು ಹೇನುಗಳನ್ನು ತಿನ್ನುತ್ತದೆ. ತಿಂದದ್ದರ ಮಲವನ್ನು ಕೂಡ ಅಷ್ಟು ದಿನವೂ ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದು, ಕೋಶ ಕಟ್ಟುವ ಮುಂಚೆ ಕರಿಯ ಡಾಂಬರಿನಂತೆ ಒಂದೇ ಸಲ ಹೊರಕ್ಕೆ ಹಾಕುತ್ತದೆ. ಊಟದ ಹೊತ್ತಿನಲ್ಲಿ ಬೇರೆ ವ್ಯವಹಾರವಿಲ್ಲ.

ಇನ್ನೊಂದು ಸಂಗತಿಯನ್ನು ಗೆಳೆಯರು ಹೇಳಿದರು. ಹೇನಿನ ಬೆನ್ನ ತುದಿಯಲ್ಲಿ ಎರಡು ಸಣ್ಣ ಕೊಳವೆಗಳಿವೆ. ವೈರಿಯ ಬಾಯಿಗೆ ಸಿಕ್ಕಾಗ ಅದು ಅಲ್ಲಿಂದ ಒಂದು ಹನಿಯನ್ನು ಹೊರಗೆ ಬಿಡುತ್ತದೆ. ಅದರ ವಾಸನೆ ತಗುಲಿದ ನೆರೆಯ ಹೇನುಗಳು ಮೂತಿಯನ್ನು ಕಿತ್ತುಕೊಂಡು ದೂರ ನಡೆಯುತ್ತವೆ, ಇಲ್ಲವೆ ಉದುರಿ ಬೀಳುತ್ತವೆ. ಸಾಯುವವನು ಬಂಧುಗಳನ್ನು ಕೂಗಿ ಎಚ್ಚರಿಸಿದಂತೆ. ಎಷ್ಟು ಉದಾತ್ತವಾದ ಮಾತು ಎಂದುಕೊಳ್ಳುವಷ್ಟರಲ್ಲಿ ಅವರು ಮುಂದುವರಿಸಿದರು: ಯೂರೋಪಿನಲ್ಲೂ ಏಷ್ಯದಲ್ಲೂ ಇರುವ ಇನ್ನೊಂದು ಹೂನೊಣವನ್ನು ಪರೀಕ್ಷಿಸಿದಾಗ, ಅದೇ ವಾಸನೆ ಅದರ ಮರಿಯನ್ನು ಹತ್ತಿರಕ್ಕೆ ಸೆಳೆಯುತ್ತದೆಂದು ಕಂಡುಬಂದಿದೆ. ಬಂಧುಗಳಿಗೆ ಕೊಟ್ಟ ಕೂಗು ಕೊಲೆಗಾರನಿಗೂ ಕೇಳಿಸುತ್ತದೆ. ಮಹಾಭಾರತವನ್ನು ಪಾಠ ಹೇಳಿದವನಿಗೂ ಇಂಥದೊಂದು ಸನ್ನಿವೇಶ ಹೊಳೆಯುವುದು ಕಷ್ಟ.

ಮಗಳು ಟಾರ್ಚು ಆರಿಸಿ ಒಳಗೆ ಬಂದು ಅಜ್ಜಿಯನ್ನು ಕೇಳಿದಳು: “ಆ ಹುಳಕ್ಕೆ ಪಾಪ ಬರೋದಿಲ್ಲವಾ ಅಜ್ಜೀ?”

“ಅದರ ಅನ್ನ ಅದು ತಿನ್ನುತ್ತೆ. ಅದಕ್ಕೇನು ಪಾಪ?” ಎಂದರು ಅಮ್ಮ. ಸ್ವಲ್ಪ ತಡೆದು, “ನಮಗೂ ಇಲ್ಲ” ಎಂದು ಸೇರಿಸಿದರು.

ಈ ಎರಡನೆಯ ವಾಕ್ಯ ನನಗೆ ನಿದ್ದೆ ಕೊಡಲಿಲ್ಲ.

ಮರಿಯ ವಿಷಯ ಹಾಗಿರಲಿ. ಅದು ಬೆಳೆದು ರೆಕ್ಕೆ ಬಂದ ಮೇಲೆ ಏನಾಗುತ್ತದೆ ನೋಡಿ. ಹಳದಿ ಪಟ್ಟೆಯ ಕಪ್ಪು ಹೊಟ್ಟೆ, ಹಳದಿಯ ಮುಖ. ಅರೆಕ್ಷಣ ಕಣಜವೆಂದು ಭ್ರಮೆ ಹುಟ್ಟಬೇಕು. ಕೊಂಡಿಯಿಲ್ಲ, ಕಚ್ಚುವುದಿಲ್ಲ. ಕಣಜಕ್ಕೆ ನಾಲ್ಕು ರೆಕ್ಕೆ, ಇದಕ್ಕೆ ಎರಡೇ. ಹಕ್ಕಿಗಳು ಅಷ್ಟು ಎಣಿಸುತ್ತ ಕೂರುವುದಿಲ್ಲವಾದ್ದರಿಂದ ಈ ವೇಷ ಅದನ್ನು ಕಾಯುತ್ತದೆ. ಕೊತ್ತಂಬರಿಯ ಹೂವು, ಸಾಸಿವೆಯ ಹೂವು ಇವೆಲ್ಲ ಇದಕ್ಕೆ ಪ್ರಿಯ. ಮೂತಿ ಗಿಡ್ಡವಾದ್ದರಿಂದ ತೆರೆದ ಸಣ್ಣ ಹೂಗಳೇ ಬೇಕು. ಅಲ್ಲಿ ಮಕರಂದ ಹೀರುತ್ತದೆ, ಪರಾಗ ತಿನ್ನುತ್ತದೆ, ಹೂವಿಂದ ಹೂವಿಗೆ ಪರಾಗವನ್ನು ಸಾಗಿಸುತ್ತದೆ. ಹೆದರಿಸುವ ವೇಷದ ತಾಯಿ ಸಾಧು. ಏನೂ ಅರಿಯದಂತೆ ಬಿದ್ದುಕೊಂಡಿರುವ ಮಗು ಹಂತಕ. ವೇಷವನ್ನು ನೋಡಿ ಗುಣವನ್ನು ನಿಶ್ಚಯಿಸುವ ನಮ್ಮ ಚಾಳಿಗೆ ಇದಕ್ಕಿಂತ ದೊಡ್ಡ ಅಪಹಾಸ್ಯ ಬೇಕಿಲ್ಲ.

ನನ್ನಂಥ ಸಾಹಿತ್ಯದ ಮೇಷ್ಟರು ಇಲ್ಲೊಂದು ಬಲೆಗೆ ಬೀಳುತ್ತಾರೆ. ಬೇಡ ವಾಲ್ಮೀಕಿಯಾದ ಕಥೆಯನ್ನು ತಟ್ಟನೆ ನೆನೆಯುತ್ತಾರೆ. ಮರಿಯಾಗಿದ್ದಾಗ ಹಿಂಸೆ, ಆಮೇಲೆ ಕೋಶವೆಂಬ ಹುತ್ತದಲ್ಲಿ ತಪಸ್ಸು, ಹೊರಗೆ ಬಂದಾಗ ಹೂವಿನ ಬಾಳು. ನಾನೂ ಎರಡು ದಿನ ಈ ಉಪಮೆಯಿಂದ ಸುಖಪಟ್ಟೆ. ತರಗತಿಯಲ್ಲಿ ಹೇಳಲೂ ಹೇಳಿದೆ. ಮೂರನೆಯ ದಿನ ಗೆಳೆಯರು ಅದನ್ನು ಕೆಡಿಸಿದರು. ಹೆಣ್ಣುನೊಣ ಪರಾಗ ತಿನ್ನುವುದು ಬಾಯಿಚಪಲಕ್ಕಲ್ಲ. ಮಕರಂದ ಹಾರಾಟಕ್ಕೆ ಶಕ್ತಿ ಕೊಟ್ಟೀತು. ಹೊಟ್ಟೆಯೊಳಗಿನ ಮೊಟ್ಟೆ ಬಲಿಯಬೇಕಾದರೆ ಪರಾಗದ ಪ್ರೋಟೀನೇ ಬೇಕು. ಮೊಟ್ಟೆ ಬಲಿತ ಮೇಲೆ ಆಕೆ ಹೂವನ್ನು ಬಿಟ್ಟು ಹೇನು ಹಿಡಿದ ಗಿಡವನ್ನು ಹುಡುಕಿಕೊಂಡು ಹೋಗುತ್ತಾಳೆ. ಅನ್ನ ತುಂಬಿದ ಜಾಗವನ್ನು ಆರಿಸಿ ಅಕ್ಕಿನುಚ್ಚಿನಂತಹ ಬಿಳಿಯ ಮೊಟ್ಟೆಗಳನ್ನು ಒಂದೊಂದಾಗಿ ಇಟ್ಟು ಹಾರಿಹೋಗುತ್ತಾಳೆ. ಕೊಲ್ಲುವುದನ್ನು ಆಕೆ ನೋಡುವುದೇ ಇಲ್ಲ. ಹೂವಿನ ಮೇಲಣ ಆ ನಿರಪರಾಧಿಯಾದ ಊಟವೇ ಹೇನಿನ ಮೃತ್ಯುವಾಗಿ ಮೊಟ್ಟೆಯೊಡೆಯುತ್ತದೆ.

ನಮ್ಮ ಮನೆಯ ಇಲಿಯ ಬೋನಿನ ಕಥೆ ನೆನಪಾದದ್ದು ಆಗ.

ವರ್ಷಕ್ಕೆರಡು ಸಲ, ಮಳೆ ಹಿಡಿದಾಗ, ನಮ್ಮ ಅಡಿಗೆಮನೆಗೆ ಇಲಿ ಬರುತ್ತದೆ. ವಿಷ ಇಡುವಂತಿಲ್ಲ, ಅಮ್ಮನ ನಿಷೇಧ. ಆದ್ದರಿಂದ ಬೋನು. ಇಲಿ ಬಿದ್ದ ಬೆಳಿಗ್ಗೆ ಕೆಲಸದಾಕೆಯ ಕೈಗೆ ಬೋನನ್ನು ಕೊಟ್ಟು “ದೂರ ಬಿಟ್ಟುಬಿಡಮ್ಮ” ಎನ್ನುತ್ತೇವೆ. ಅರ್ಧ ಗಂಟೆಯಲ್ಲಿ ತೊಳೆದ ಬೋನು ಹಿಂದಕ್ಕೆ ಬರುತ್ತದೆ. ಹತ್ತು ಹನ್ನೆರಡು ವರ್ಷ ಹೀಗೆ ನಡೆಯಿತು. ಒಂದು ಸಲ, ಏಕೋ ಏನೋ, ಎಲ್ಲಿ ಬಿಡುತ್ತೀಯೆಂದು ಆಕೆಯನ್ನು ಕೇಳಿದೆ. ಆಕೆಗೆ ನಗು ಬಂತು. “ಎಲ್ಲಿ ಬಿಡೋದು ಸಾರ್? ನಮ್ಮ ಮನೆ ಹತ್ರ ಬಿಡಲಾ? ಮೋರಿ ಹತ್ರ ಬಕೆಟ್‌ನಾಗೆ ಮುಳುಗಿಸ್ತೀನಿ. ನಿಮ್ಮ ಮನೇಲಿ ಆಗಬಾರದಲ್ಲ.” ಆಕೆಯ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ. ನಮ್ಮ ಆಚಾರಕ್ಕೆ ಆಕೆ ತೋರಿಸಿದ ಗೌರವ ಅದು. ಈ ಸಂಗತಿಯನ್ನು ನಾನು ಅಮ್ಮನಿಗೆ ಹೇಳಲಿಲ್ಲ. ಈಗ ಅನ್ನಿಸುತ್ತದೆ, ಅಮ್ಮನಿಗೆ ಗೊತ್ತಿತ್ತು. ಬೋನು ತೊಳೆದು ಬರುತ್ತಿತ್ತಲ್ಲ. ಬದುಕಿ ಓಡಿಹೋದ ಇಲಿಯ ಬೋನನ್ನು ಯಾರು ಅಷ್ಟು ಚೆನ್ನಾಗಿ ತೊಳೆಯುತ್ತಾರೆ?

ಸಂಕಟವೆಂದರೆ, ಆ ತಿಂಗಳು ಬಿ.ಎ. ತರಗತಿಗೆ ನಾನು ಹೇಳುತ್ತಿದ್ದ ಪಾಠ ಜನ್ನನ ‘ಯಶೋಧರ ಚರಿತೆ’. 1209ರಲ್ಲಿ ರಚಿತವಾದ ಈ ಕಾವ್ಯದ ಕಥೆ ಓದುಗರಿಗೆ ತಿಳಿದಿರುವುದೇ. ದೊರೆ ಯಶೋಧರನನ್ನು ತಾಯಿ ಚಂದ್ರಮತಿ ಬಲಿ ಕೊಡೆಂದು ಒತ್ತಾಯಿಸುತ್ತಾಳೆ. ಅವನು ಜೀವವನ್ನು ಕೊಲ್ಲಲೊಲ್ಲ. ತಾಯಿಯ ಮಾತನ್ನು ಮೀರಲೂ ಲೊಲ್ಲ. ಕೊನೆಗೆ ಹಿಟ್ಟಿನ ಕೋಳಿಯೊಂದನ್ನು ಮಾಡಿಸಿ ಅದನ್ನು ಬಲಿ ಕೊಡುವುದೆಂದು ಒಡಂಬಡಿಕೆಯಾಗುತ್ತದೆ. ಆ ಹಿಟ್ಟಿನ ಕೋಳಿಗಾಗಿ ತಾಯಿಯೂ ಮಗನೂ ಪಶುಪಕ್ಷಿಗಳಾಗಿ ಜನ್ಮಜನ್ಮಗಳಲ್ಲಿ ತೊಳಲುತ್ತಾರೆ. ವಿದ್ಯಾರ್ಥಿಗಳು ಪ್ರತಿವರ್ಷವೂ ಪ್ರತಿಭಟಿಸುತ್ತಾರೆ: ಹಿಟ್ಟಿಗೆ ನೋವುಂಟೇ ಸಾರ್, ಇದು ಅನ್ಯಾಯವಲ್ಲವೇ? ನಾನು ಪ್ರತಿವರ್ಷವೂ ಸಂಕಲ್ಪಹಿಂಸೆಯೆಂಬ ಮಾತನ್ನು ಹಲಗೆಯ ಮೇಲೆ ಬರೆದು ವಿವರಿಸುತ್ತೇನೆ. ಜೈನಶಾಸ್ತ್ರ ಲೆಕ್ಕ ಹಾಕುವಾಗ ತಾನು ಮಾಡಿದ್ದು, ಇತರರಿಂದ ಮಾಡಿಸಿದ್ದು, ಇತರರು ಮಾಡುವಾಗ ಒಪ್ಪಿದ್ದು ಎಂದು ಮೂರನ್ನೂ ಒಂದೇ ಪುಸ್ತಕಕ್ಕೆ ಹತ್ತಿಸುತ್ತದೆ. ಈ ಸಲ ಮೂರನೆಯದನ್ನು ಬರೆಯುವಾಗ ಸೀಮೆಸುಣ್ಣ ಸ್ವಲ್ಪ ತಡವರಿಸಿತು. ಟಾರ್ಚಿನ ಬೆಳಕಿನಲ್ಲಿ ಆ ಹೇನು ಸುಕ್ಕುವುದನ್ನು ನೋಡುತ್ತ ನಾನು “ಭೇಷ್” ಎಂದಿದ್ದೆ. ಮಗಳು ಚಪ್ಪಾಳೆ ತಟ್ಟಿದ್ದಳು.

ಇದಕ್ಕೆ ಇನ್ನೊಂದು ಮುಖವೂ ಉಂಟು. ವನಪರ್ವದ ಧರ್ಮವ್ಯಾಧ ಮಿಥಿಲೆಯಲ್ಲಿ ಮಾಂಸದಂಗಡಿ ಇಟ್ಟವನು. ತಾನು ಕೊಲ್ಲುವುದಿಲ್ಲ, ಬೇರೆಯವರು ಕೊಂದುದನ್ನು ಮಾರುತ್ತೇನೆ ಎನ್ನುತ್ತಾನೆ. ಇಷ್ಟಕ್ಕೇ ನಿಲ್ಲಿಸಿದ್ದರೆ ಅವನೂ ನಮ್ಮ ಬೋನಿನ ವಕೀಲನೇ ಆಗುತ್ತಿದ್ದ. ಆದರೆ ಅವನು ಮುಂದೆ ಹೋಗಿ ನೇಗಿಲ ಮಾತು ಎತ್ತುತ್ತಾನೆ. ಉಳುವಾಗ ನೆಲದೊಳಗೆ ಎಷ್ಟು ಜೀವ ಸಾಯುತ್ತದೆ, ನಡೆಯುವಾಗ ಕಾಲಡಿ ಎಷ್ಟು, ಕಾಳು ಕೂಡ ಜೀವವಲ್ಲವೇ ಎಂದು ಕೌಶಿಕನನ್ನು ಕೇಳುತ್ತಾನೆ. ಹಿಂಸೆ ಮಾಡದೆ ಬದುಕಿದವನಿಲ್ಲ ಎಂಬುದು ಅವನ ಅಭಿಪ್ರಾಯ. ನನಗೆ ಈ ಮಾತು ಸತ್ಯವೆಂದು ತೋರುತ್ತದೆ. ಅಷ್ಟೇ ಅಪಾಯವೆಂದೂ ತೋರುತ್ತದೆ. ಎಲ್ಲರೂ ಸಾಲಗಾರರೆಂದು ಗೊತ್ತಾದೊಡನೆ ಸಾಲ ತೀರಿಸುವ ಯೋಚನೆಯನ್ನೇ ಬಿಡುವವರು ನಮ್ಮಲ್ಲಿ ಬಹಳ. ವ್ಯಾಧ ಹಾಗಲ್ಲ. ಲೆಕ್ಕ ಮುಚ್ಚಿಡದೆ ಅಂಗಡಿಯ ಮುಂದೆಯೇ ಕೂತಿದ್ದ ಎಂಬುದರಲ್ಲಿ ಅವನ ಹಿರಿಮೆ ಇದೆ. ನಮ್ಮ ತಟ್ಟೆಯ ಅವರೆಗಾದರೋ ಅಂಗಡಿಯೂ ಕಾಣುವುದಿಲ್ಲ. ಕಾಯಿ ಬೆಳೆದವನು ಎಷ್ಟು ಸಲ ಔಷಧಿ ಹೊಡೆದ, ಹೊಡೆಯುವಾಗ ಅವನ ಮೂಗಿಗೆ ಬಟ್ಟೆಯಿತ್ತೇ ಎಂದು ಕೇಳಿ ಕೊಳ್ಳುವವರನ್ನು ನಾನು ಕಂಡಿಲ್ಲ. ನಾನೂ ಕೇಳಿದವನಲ್ಲ.

ರೈತರಿಗೆ ಹಂಚುವ ಕರಪತ್ರಗಳಲ್ಲಿ ಹೂನೊಣಕ್ಕೆ ‘ಮಿತ್ರಕೀಟ’ ಎಂಬ ಬಿರುದು ಉಂಟು. ವ್ಯವಹಾರಕ್ಕೆ ಈ ಹೆಸರು ಸಾಕು. ಈ ಹೆಸರಿನಿಂದ ನಾಲ್ಕು ಹೊಲಗಳಿಗೆ ವಿಷ ಬೀಳುವುದು ತಪ್ಪಿದರೆ ಸಂತೋಷವೇ. ಆದರೆ ಯಾರಿಗೆ ಮಿತ್ರ? ಬಳ್ಳಿಯ ಮೇಲೆ ಇರುವೆಗಳೂ ಇವೆ. ಹೇನು ಸ್ರವಿಸುವ ಸಿಹಿಯಂಟಿಗಾಗಿ ಅವು ಹೇನನ್ನು ಹಸುವಿನಂತೆ ಕಾಯುತ್ತವೆ, ಹೂನೊಣದ ಮರಿ ಕಂಡರೆ ಕಚ್ಚಿ ಎಳೆಯುತ್ತವೆ. ಇರುವೆಯೂ ಒಂದು ಕರಪತ್ರ ಅಚ್ಚು ಹಾಕಿಸಿದರೆ ಅದರಲ್ಲಿ ಮಿತ್ರರ ಪಟ್ಟಿ ಬೇರೆಯೇ ಇದ್ದೀತು. ಕೊಲ್ಲುವವನಿಗೆ ಮಿತ್ರನೆಂಬ ಹೆಸರಿಟ್ಟೊಡನೆ ಕೊಲೆ ಕಾಣದಂತಾಗುತ್ತದೆ. ಮನುಷ್ಯರ ಯುದ್ಧಗಳಲ್ಲಿಯೂ ಈ ಪದಕ್ಕೆ ಇದೇ ಉಪಯೋಗ.

ಹುಳುವಿಗೆ ಪಾಪವಿಲ್ಲ ಎಂದು ಅಮ್ಮ ಹೇಳಿದ್ದು ಸರಿಯೆಂದೇ ನನ್ನ ತೀರ್ಮಾನ. ಅದಕ್ಕೆ ಬೇರೆ ದಾರಿಯಿಲ್ಲ. ಹೇನು ಬಿಟ್ಟು ಎಲೆ ತಿನ್ನುವೆನೆಂದು ಅದು ವ್ರತ ಹಿಡಿಯಲಾರದು. ತಾಯಿನೊಣಕ್ಕೂ ಇಲ್ಲ, ತನ್ನ ಮೊಟ್ಟೆ ಏನಾಗುತ್ತದೆಂಬುದನ್ನು ಅದು ತಿಳಿದಿಲ್ಲ. ತಿಳಿದಿರುವವರು ಆ ಹಿತ್ತಿಲಲ್ಲಿ ನಾವು ಮೂವರೇ.

ಜನವರಿಯ ಮೊದಲ ವಾರದಲ್ಲಿ ಮಗಳು ಬಳ್ಳಿಯಿಂದ ಮೂರು ಕೋಶಗಳನ್ನು ಎಲೆಸಮೇತ ತಂದು ಉಪ್ಪಿನಕಾಯಿಯ ಹಳೆಯ ಸೀಸೆಯಲ್ಲಿಟ್ಟು ಬಾಯಿಗೆ ಮಸ್ಲಿನ್ ಬಟ್ಟೆ ಕಟ್ಟಿದಳು. ನೀರಿನ ತೊಟ್ಟಿನ ಆಕಾರದ ಪುಟ್ಟ ಕೋಶಗಳು. ಒಂದು ವಾರದೊಳಗೆ ಎರಡರಿಂದ ಹಳದಿ ಪಟ್ಟೆಯ ನೊಣಗಳು ಬಂದವು. ಅವನ್ನು ಹಿತ್ತಿಲಿಗೆ ಬಿಟ್ಟಳು. ಮೂರನೆಯದು ಇನ್ನೂ ಹಲವು ದಿನ ಸುಮ್ಮನಿತ್ತು. ಒಂದು ಬೆಳಿಗ್ಗೆ ನೋಡಿದರೆ ಅದರಿಂದ ಹೊರಗೆ ಬಂದು ಸೀಸೆಯ ಗೋಡೆ ಹತ್ತುತ್ತಿದ್ದುದು ನೊಣವೇ ಅಲ್ಲ. ನಾಲ್ಕು ರೆಕ್ಕೆಯ, ಸಣಕಲು ಮೈಯ, ಹಿಂಗಾಲಿನಲ್ಲಿ ಕಪ್ಪು ಬಿಳಿ ಕೆಂಪು ಬಣ್ಣಗಳ ಒಂದು ಕಣಜ. ಗೆಳೆಯರು ಬಂದು ಡಿಪ್ಲಾಜಾನ್ ಎಂದರು. ಹೂನೊಣದ ಮೊಟ್ಟೆಯೊಳಗೋ ಎಳೆಯ ಮರಿಯೊಳಗೋ ಇದು ತನ್ನ ಮೊಟ್ಟೆಯನ್ನು ಚುಚ್ಚಿಡುತ್ತದೆ. ಮರಿ ಏನೂ ಅರಿಯದೆ ಹೇನು ತಿನ್ನುತ್ತ ಬೆಳೆಯುತ್ತದೆ, ಕೋಶ ಕಟ್ಟುತ್ತದೆ; ಕೋಶದಿಂದ ಹೊರಬರುವುದು ಮಾತ್ರ ಒಳಗಿನ ಅತಿಥಿ. ನಾವು ಭೇಷ್ ಎಂದ ಮರಿ ಇದೇ ಆಗಿದ್ದಿರಬಹುದು.

ಈ ಕಣಜದ ಬಳಗದ ರೀತಿ ಡಾರ್ವಿನನನ್ನೂ ಕಾಡಿತ್ತು. 1860ರಲ್ಲಿ ಅಮೆರಿಕದ ಸಸ್ಯಶಾಸ್ತ್ರಜ್ಞ ಏಸಾ ಗ್ರೇಗೆ ಬರೆದ ಕಾಗದದಲ್ಲಿ, ಕಂಬಳಿಹುಳುವಿನ ಜೀವಂತ ದೇಹದೊಳಗೆ ಉಣ್ಣಲೆಂದೇ ಇಂಥ ಪ್ರಾಣಿಯನ್ನು ಕರುಣಾಳುವಾದ ದೇವರು ಬೇಕೆಂದು ಸೃಷ್ಟಿಸಿದನೆಂದು ನಂಬಲು ತನ್ನಿಂದಾಗದು ಎಂಬ ಅರ್ಥದ ಮಾತನ್ನು ಹೇಳುತ್ತಾನೆ. ಅವನ ಜಗಳ ದೇವರೊಡನೆ. ನನಗೆ ಅಷ್ಟು ದೊಡ್ಡ ಎದುರಾಳಿ ಬೇಕಾಗಿರಲಿಲ್ಲ. ಸೀಸೆ ನನ್ನ ಕೈಯಲ್ಲಿತ್ತು.

“ಇದನ್ನೂ ಬಿಡೋಣವಾ?” ಎಂದಳು ಮಗಳು. ಬಿಟ್ಟರೆ ನಮ್ಮ ಹೂನೊಣಗಳ ಸಂತಾನಕ್ಕೆ ಕುತ್ತು. ಹೇನು ಹೆಚ್ಚಿ ಅವರೆ ಹೋದೀತು. ಬಿಡದಿದ್ದರೆ ಬಾಯಿ ಕಟ್ಟಿದ ಸೀಸೆ, ಎರಡು ದಿನ, ಅಷ್ಟೇ. ಯಾರೂ ಏನನ್ನೂ ಮಾಡಬೇಕಾಗಿಲ್ಲ. ಹೀಗೆ ಯಾರೂ ಏನನ್ನೂ ಮಾಡದೆ ಆಗಿಬಿಡುವ ಕೊಲೆಗಳಲ್ಲಿ ನಮ್ಮ ಮನೆಗೆ ಸಾಕಷ್ಟು ಅನುಭವವಿತ್ತು.

ಅಮ್ಮ ಕಾಯಿ ಸುಲಿಯುತ್ತಿದ್ದವರು ಎದ್ದು ಬಂದು ಸೀಸೆಯನ್ನು ತೆಗೆದುಕೊಂಡರು. ಬೆಳಕಿಗೆ ಹಿಡಿದು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ದಾರ ಬಿಚ್ಚಿ ಬಟ್ಟೆ ತೆಗೆದರು. ಕಣಜ ಸೀಸೆಯ ಅಂಚಿನಲ್ಲಿ ಮೀಸೆ ತಿಕ್ಕಿಕೊಂಡು, ಹಾರಿ, ನೇರವಾಗಿ ಅವರೆಯ ಬಳ್ಳಿಗೇ ಹೋಯಿತು. ಅಮ್ಮ ಏನೂ ಹೇಳಲಿಲ್ಲ. ಸೀಸೆಯನ್ನು ತಾವೇ ತೊಳೆದು ಬಿಸಿಲಿಗೆ ಬೋರಲು ಹಾಕಿದರು.

ಆ ವರ್ಷದ ಅವರೆಕಾಯಿ ಒಂದು ಸಾರಿಗೂ ಒಂದು ಉಪ್ಪಿಟ್ಟಿಗೂ ಆಯಿತು. ಬೋನು ಅಟ್ಟದ ಮೇಲಿದೆ. ಮಳೆ ಹಿಡಿದೊಡನೆ ಇಲಿ ಬರುತ್ತದೆ. ಈ ಸಲ ಅದನ್ನು ಯಾರ ಕೈಗೆ ಕೊಡುವುದೆಂದು ಅಮ್ಮನೂ ನಾನೂ ಇನ್ನೂ ಮಾತಾಡಿಕೊಂಡಿಲ್ಲ.